ಐಹೊಳೆಯ ಗುಡ್ಡದ ಮೇಲೆ ಸರ್ ಹೇಳಿದ ಮಾತು

ಸರ್ ತೀರಿಕೊಂಡರು ಎಂದು ಧಾರವಾಡದಿಂದ ಫೋನ್ ಬಂದಾಗ ನಾನು ಪಾಠ ಹೇಳುವ ಶಾಲೆಗೆ ಹೊರಟು ನಿಂತಿದ್ದೆ. ಕ್ಲಾಸಿಗೆ ಹೋಗಲೆಂದು ಬೂಟಿನ ಲೇಸು ಕಟ್ಟಲು ಬಗ್ಗಿದವರು ಮತ್ತೆ ಏಳಲಿಲ್ಲವಂತೆ. ಹೇಳಿದವನು ಅವರ ಹಳೆಯ ವಿದ್ಯಾರ್ಥಿ. ಅವನಿಗೂ ಇನ್ನೂ ನಂಬಿಕೆ ಬಂದಿರಲಿಲ್ಲ, ಹೇಳಿದ್ದನ್ನೇ ಹೇಳುತ್ತಿದ್ದ. ನಾನು ಅಡುಗೆಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಜೋಳದ ಹಿಟ್ಟು ನಾದುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಗೋಡೆ ಹಿಡಿದಳು.

"ಯಾವ ಸರ್?" ಎಂದಳು.

ಯಾವ ಸರ್ ಎಂದು ಅವಳಿಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಸರ್ ಅಂದರೆ ಒಬ್ಬರೇ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರು ಕೇಳಿದ ಕೂಡಲೇ ಜನ ಅದರೊಳಗೆ ಮೊದಲು ಏನನ್ನು ಹುಡುಕುತ್ತಾರೆ ಎಂಬುದು ನನಗೆ ಅವರಿಂದಲೇ ತಿಳಿದದ್ದು. ಅವರ ಅಡ್ಡಹೆಸರು ಒಂದು ಊರಿನ ಹೆಸರಾಗಿತ್ತು. ಆ ಊರಿನಿಂದ ಬಂದ ಯಾರಿಗೆ ಬೇಕಾದರೂ ಇರಬಹುದಾದ ಹೆಸರು. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿರುವ ನಮ್ಮ ಮನೆಯ ಮಾಳಿಗೆಯ ಮೇಲೆ ಬಾಡಿಗೆಗೆ ಬಂದ ದಿನ, ಅವ್ವ ಎಲ್ಲರನ್ನೂ ಕೇಳುವಂತೆ ಅವರನ್ನೂ ಕೇಳಿದ್ದಳು.

"ನೀವು ಯಾ ಪೈಕಿ ರೀ, ಸರ?"

"ನಾ ಮಾಸ್ತರ ಪೈಕಿ ರೀ ಅವ್ವಾರ."

ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕುಬಿಟ್ಟಳು. ನಗು ಮುಗಿಯುವಷ್ಟರಲ್ಲಿ ಪ್ರಶ್ನೆ ಮರೆತುಹೋಗಿತ್ತು. ಮಾಂಸ ತಿನ್ನುವುದಿಲ್ಲ, ಕುಡಿಯುವುದಿಲ್ಲ, ಮೆಲ್ಲಗೆ ಮಾತಾಡುತ್ತಾರೆ, ಹಾಗಿದ್ದ ಮೇಲೆ ನಮ್ಮವರೇ ಇರಬೇಕು ಎಂದು ಅವಳೇ ತೀರ್ಮಾನಿಸಿಕೊಂಡಳು. ಒಬ್ಬಂಟಿಗರು. ಮದುವೆಯ ಮಾತೆತ್ತಿದರೆ "ಪರೀಕ್ಷಾ ಮುಗೀಲಿ ರೀ" ಅನ್ನುತ್ತಿದ್ದರು. ಅವರು ಪಾಠ ಹೇಳುವ ಹುಡುಗರ ಪರೀಕ್ಷೆಗಳಿಗೆ ಮುಗಿಯುವುದು ಎಂಬುದೇ ಇರಲಿಲ್ಲ.

ದಿನವೂ ಬೆಳಿಗ್ಗೆ ಬಸ್ಸಿಗೆ ಧಾರವಾಡಕ್ಕೆ ಹೋಗಿ, ಸರ್ಕಾರಿ ಕೆಲಸದ ಪರೀಕ್ಷೆ ಬರೆಯುವ ಹುಡುಗರಿಗೆ ಇತಿಹಾಸ ಹೇಳುತ್ತಿದ್ದರು. ಅಲ್ಲಿ ಅಂಥ ಕ್ಲಾಸುಗಳು ಗಲ್ಲಿಗೊಂದು. ಇಸವಿ ಬಾಯಿಪಾಠ ಮಾಡಿಸುವವರು ಬೇಕಾದಷ್ಟು ಜನ ಇದ್ದರು. ಸರ್ ಮಾತ್ರ ರಾಜನ ಹೆಸರು ಹೇಳಿದ ಮೇಲೆ ಸ್ವಲ್ಪ ತಡೆದು, "ಆ ಕಲ್ಲು ಯಾರು ಹೊತ್ತರು?" ಎಂದು ಕೇಳುತ್ತಿದ್ದರು. ಅದು ಪರೀಕ್ಷೆಯಲ್ಲಿ ಬರುವ ಪ್ರಶ್ನೆಯಲ್ಲ. ಹುಡುಗರು ಸುಮ್ಮನೆ ಕೂರುತ್ತಿದ್ದರು. ಅವರೂ ಉತ್ತರ ಹೇಳದೆ ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಟೀಚರ್ ಕೆಲಸದ ಪರೀಕ್ಷೆಗೆ ನಾನು ಅವರ ಹತ್ತಿರವೇ ಓದಿದೆ.

ಅವ್ವ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಜೋರಾಗಿ ವಚನ ಓದುತ್ತಿದ್ದಳು. ಓದು ಅಷ್ಟಕ್ಕಷ್ಟೇ, ಶಬ್ದಗಳನ್ನು ತಪ್ಪಾಗಿ ಒಡೆಯುತ್ತಿದ್ದಳು. ಆಗ ಮಾಳಿಗೆಯ ಮೇಲಿನಿಂದ ಸರಿಯಾದ ಸಾಲು ಇಳಿದು ಬರುತ್ತಿತ್ತು. ಗಡ್ಡ ಬೋಳಿಸಿಕೊಳ್ಳುತ್ತಲೇ ಹೇಳುತ್ತಿದ್ದರೆಂದು ಕಾಣುತ್ತದೆ, ಮಾತು ಅರೆಬಾಯಿಯಲ್ಲಿರುತ್ತಿತ್ತು. ಅವ್ವ ಮೇಲಕ್ಕೆ ನೋಡಿ, "ಎಲ್ಲಾ ಬಾಯಿಪಾಠ ಐತಿ, ಗುಡೀಗೆ ಮಾತ್ರ ಬರಂಗಿಲ್ಲ" ಎಂದು ಗೊಣಗುತ್ತಿದ್ದಳು.

ಕೊರೋನಾ ಬಂದಾಗ ಅವ್ವ, ಅಪ್ಪ, ನಾನು ಮೂವರೂ ಮಲಗಿಬಿಟ್ಟೆವು. ಗೋಕುಲ ರಸ್ತೆಯಲ್ಲಿದ್ದ ಅಪ್ಪನ ಮೋಟಾರು ಬಿಡಿಭಾಗಗಳ ಅಂಗಡಿ ಮುಚ್ಚಿತ್ತು. ಬಳಗದವರು ಫೋನಿನಲ್ಲೇ ಉಳಿದರು. ಆ ದಿನಗಳಲ್ಲಿ ಸರ್ ಎರಡು ಹೊತ್ತೂ ಗಂಜಿ ಕಾಯಿಸಿ ತಂದು ನಮ್ಮ ಬಾಗಿಲ ಹತ್ತಿರ ಇಡುತ್ತಿದ್ದರು. ಇಟ್ಟು ಹೋಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ದೂರದಲ್ಲಿ ಕುಳಿತು, "ಅವ್ವಾರ, ಉಣ್ಣೂ ಸಪ್ಪಳ ಕೇಳಬೇಕ್ರಿ ನನಗ" ಅನ್ನುತ್ತಿದ್ದರು. ಅವ್ವ ಚಮಚದಿಂದ ಬಟ್ಟಲಿಗೆ ಬಡಿದು ತೋರಿಸುತ್ತಿದ್ದಳು. ನಾವು ಎದ್ದು ಓಡಾಡುವಂತಾದ ಮೇಲೆ ಸರ್ ನಮ್ಮ ಅಡುಗೆಮನೆಯಲ್ಲೇ ಕುಳಿತು ಊಟ ಮಾಡುವುದು ಶುರುವಾಯಿತು. ಬಿಸಿ ರೊಟ್ಟಿ ಮೊದಲು ಅವರ ತಾಟಿಗೆ, ಆಮೇಲೆ ಅಪ್ಪನಿಗೆ.

ಪ್ರತಿ ನಾಗರ ಪಂಚಮಿಗೆ ಉಂಡಿ ಕಟ್ಟುವಾಗ ಅವ್ವನದು ಒಂದೇ ಕೇಳಿಕೆ. "ನಿಮ್ಮ ಅವ್ವನ್ನ ಒಮ್ಮೆನೂ ಕರಕೊಂಡು ಬರಲಿಲ್ಲಲ್ರಿ ಸರ. ಎಂಥಾ ಮಗ ನೀವು!"

"ಬರತಾಳ್ರಿ, ಬರತಾಳ."

ಅಷ್ಟು ವರ್ಷಗಳಲ್ಲಿ ಆಕೆ ಬರಲೇ ಇಲ್ಲ.

ಬದಾಮಿ, ಪಟ್ಟದಕಲ್ಲು, ಐಹೊಳೆ ನೋಡಿಬರೋಣ ಎಂದವರು ಸರ್. ನಾನು ಆ ಊರುಗಳ ಪಾಠ ಓದಿದ್ದೆ, ನೋಡಿರಲಿಲ್ಲ. ಅವ್ವನಿಗೆ ಬನಶಂಕರಿಯ ದರ್ಶನ ಆದರೆ ಸಾಕಿತ್ತು. "ಬೆಳಿಗ್ಗೆ ನಿಮ್ಮ ಗುಡಿ, ಸಂಜೀಕ ನನ್ನ ಗುಡ್ಡ" ಎಂದು ಒಪ್ಪಂದವಾಯಿತು. ದೀಪಾವಳಿ ಮುಗಿದ ಮೇಲಿನ ಒಂದು ಭಾನುವಾರ ಬಾಡಿಗೆ ಕಾರಿನಲ್ಲಿ ನಸುಕಿಗೇ ಹೊರಟೆವು. ಅಪ್ಪ ಡ್ರೈವರ್ ಪಕ್ಕಕ್ಕೆ, ಹಿಂದೆ ನಾನು ನಡುವೆ, ಅತ್ತಿತ್ತ ಅವ್ವ ಮತ್ತು ಸರ್.

ನವಲಗುಂದ ದಾಟುವವರೆಗೆ ಅವ್ವ ಓಣಿಯ ಸುದ್ದಿಯನ್ನೆಲ್ಲ ಹೇಳಿ ಮುಗಿಸಿದಳು. ಕೊನೆಗೆ ಹಿಂದಿನ ಓಣಿಯ ಒಬ್ಬ ಹುಡುಗಿಯ ಮಾತು ಬಂತು. ಅವಳು ಜೊತೆಗೆ ಕೆಲಸ ಮಾಡುತ್ತಿದ್ದ ದಲಿತ ಹುಡುಗನನ್ನು ಮದುವೆಯಾಗಿದ್ದಳು.

"ಹೋಗಿ ಹೋಗಿ ಅಂಥವರ ಮನಿ ಸೇರಿದಳಲ್ರಿ. ಹುಟ್ಟಿದಾಗನ ಸತ್ತಿದ್ರ ಹಡದಾಕಿಗೆ ಇಷ್ಟು ಸಂಕಟ ಇರತಿದ್ದಿಲ್ಲ. ಖರೇ ಹೌದಿಲ್ರಿ, ಸರ?"

ಸರ್ ಕಿಟಕಿಯ ಹೊರಗೆ ನೋಡುತ್ತಿದ್ದರು. ಈ ಕಡೆ ತಿರುಗಿ, "ಆ ಹುಡುಗಿ ಆರಾಮ ಅದಾಳೇನ್ರಿ?" ಎಂದರು.

"ಅದಾಳಂತ. ಗಂಡ ಛಲೋ ನೋಡ್ಕೋತಾನಂತ" ಎಂದು ಅವ್ವ ಮುಖ ಸಿಂಡರಿಸಿದಳು.

ಬನಶಂಕರಿಯಲ್ಲಿ ಸರ್ ಗುಡಿಯೊಳಗೆ ಬರಲಿಲ್ಲ. "ನಾ ಚಪ್ಪಲಿ ಕಾಯ್ತೇನಿ, ಹೋಗಿ ಬರ್ರಿ" ಎಂದು ಹೊಂಡದ ಕಟ್ಟೆಯ ಮೇಲೆ ಕುಳಿತರು. ನಮಗೆ ಅದು ಹೊಸದಲ್ಲ. ದರ್ಶನ ಮುಗಿಸಿ ಬಂದು, ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕುಳಿತ ಹೆಂಗಸರ ಹತ್ತಿರ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ಹಾಕಿಸಿಕೊಂಡು ತಿಂದೆವು. ಬದಾಮಿಯ ಗುಹೆಗಳಿಗೆ ಹತ್ತುವಾಗ ಅವ್ವನಿಗೆ ಮೊಣಕಾಲು ನೋವು ಶುರುವಾಯಿತು. ಸರ್ ಕೈ ಚಾಚಿದರು. ಅವ್ವ ಆ ಕೈಯನ್ನು ಗಟ್ಟಿಯಾಗಿ ಹಿಡಿದು, ಮೆಟ್ಟಿಲಿಗೊಮ್ಮೆ "ಶಿವನ" ಅನ್ನುತ್ತ ಹತ್ತಿದಳು. ಅವಳ ಮುಖದಲ್ಲಿ ಮಗುವಿನ ಸಂಭ್ರಮವಿತ್ತು. ಅಪ್ಪನ ಕೈಯನ್ನು ನಾಲ್ಕು ಜನರೆದುರು ಅವಳು ಹಾಗೆ ಹಿಡಿದದ್ದನ್ನು ನಾನು ನೋಡಿಲ್ಲ.

ಪಟ್ಟದಕಲ್ಲಿನಲ್ಲಿ ಸರ್ ಎರಡು ಬಗೆಯ ಶಿಖರಗಳನ್ನು ತೋರಿಸಿದರು. "ಇದು ಉತ್ತರದವರ ರೀತಿ, ಇದು ದಕ್ಷಿಣದವರ ರೀತಿ. ಎರಡೂ ಒಂದ ಅಂಗಳದಾಗ ಅದಾವು." ಆಮೇಲೆ ಹುಡುಗರನ್ನು ಕೇಳುವಂತೆ ಅವ್ವನನ್ನೂ ಕೇಳಿದರು: "ಈ ಕಲ್ಲು ಯಾರು ಹೊತ್ತಿರಬೇಕ್ರಿ ಅವ್ವಾರ?"

"ಯಾರರ ಹೊತ್ತಿರತಾರ ಬಿಡ್ರಿ. ಪುಣ್ಯ ಮಾಡಿದವ್ರು."

ಸರ್ ನಕ್ಕರು. ಆ ದಿನ ಅವರು ನಕ್ಕದ್ದು ಅದೇ ಕೊನೆಯ ಸಲ.

ಐಹೊಳೆಗೆ ಹೋಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ಊರಿನ ಪಕ್ಕದ ಗುಡ್ಡ ಏರಿದರೆ, ತುದಿ ತಲುಪುವ ಮೊದಲೇ ಬಂಡೆಗೆ ಆತುಕೊಂಡ ಎರಡಂತಸ್ತಿನ ಒಂದು ಬೌದ್ಧ ಚೈತ್ಯ ಸಿಗುತ್ತದೆ. ಅಲ್ಲಿ ತಲೆಯಿಲ್ಲದ ಒಂದು ಬುದ್ಧನ ಮೂರ್ತಿ, ಪದ್ಮಾಸನ ಹಾಕಿ ಕುಳಿತದ್ದು. ಅವ್ವ ಇಲ್ಲಿಗೂ ಸರ್ ಕೈ ಹಿಡಿದೇ ಬಂದಿದ್ದಳು. ಬಂದವಳು ಕಂಬಕ್ಕೆ ಒರಗಿ ಸುಧಾರಿಸಿಕೊಳ್ಳುತ್ತಿದ್ದಳು.

ಪೂಜೆಯಿಲ್ಲದ ಜಾಗ, ಯಾರೂ ಚಪ್ಪಲಿ ಕಳಚುವುದಿಲ್ಲ. ಸರ್ ಮಾತ್ರ ಬಗ್ಗಿ ಬೂಟು ಬಿಚ್ಚಿದರು. ಸಾಕ್ಸನ್ನೂ ತೆಗೆದರು. ಮೂರ್ತಿಯ ಮುಂದೆ ಮೊಣಕಾಲೂರಿ, ಹಣೆಯನ್ನು ಕಲ್ಲಿಗೆ ಮುಟ್ಟಿಸಿದರು. ಎದ್ದು ಮತ್ತೆ ಮುಟ್ಟಿಸಿದರು. ತುಟಿಯೊಳಗೆ ಏನೋ ಹೇಳಿಕೊಳ್ಳುತ್ತಿದ್ದರು, ಅದು ಕನ್ನಡವಲ್ಲ. ಅವ್ವನಿಗೆ ತಮಾಷೆ ಎನಿಸಿತು.

"ನೋಡ, ನೋಡ! ಸರ್ ದೇವರಿಗೆ ಕೈ ಮುಗಿಯೂದನ್ನ ಇವತ್ತ ನೋಡಿದೆ. ಅದೂ ತಲಿ ಇಲ್ಲದ ದೇವರಿಗೆ!"

ಸರ್ ಎದ್ದು ನಿಂತರು. ಹಣೆಗೆ ಧೂಳು ಹತ್ತಿತ್ತು. ಅದನ್ನು ಒರೆಸಿಕೊಳ್ಳಲಿಲ್ಲ.

"ಅವ್ವಾರ, ನಾವು ಬೌದ್ಧರು. ನಮ್ಮಪ್ಪ ಇದ್ದಾಗ ಬುದ್ಧನ ಕಡೆ ಬಂದ್ವಿ. ಅದಕ್ಕಿಂತ ಮೊದಲ ನಮ್ಮ ಮನಿ ಊರ ಹೊರಗಿನ ದಲಿತರ ಕೇರ್ಯಾಗಿತ್ತು. ಈಗೂ ಅಲ್ಲೇ ಐತಿ. ಬೆಳಿಗ್ಗೆ ಗಾಡ್ಯಾಗ ನೀವು ಅಂಥವರು ಅಂದ್ರಲ್ರಿ, ನಾ ಅವರ ಪೈಕಿ."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅಪ್ಪ ಮೇಲಂತಸ್ತಿಗೆ ಹೋಗಲೆಂದು ಕಾಲೆತ್ತಿದವರು ಹಾಗೆಯೇ ನಿಂತಿದ್ದರು. ಅವ್ವ ನಗುವನ್ನು ಮುಖದಿಂದ ಇಳಿಸಲು ಮರೆತಿದ್ದಳು. ಹಲ್ಲು ಕಾಣುತ್ತಿತ್ತು, ಕಣ್ಣುಗಳಲ್ಲಿ ಗಾಬರಿಯಿತ್ತು.

"ನಮ್ಮ ಅಡಗಿಮನ್ಯಾಗ ಕುಂತು ಉಂಡೀರಿ" ಎಂದಳು ಕೊನೆಗೆ.

"ಉಂಡೇನ್ರಿ. ನೀವ ಬಡಿಸೀರಿ."

"ಇಷ್ಟು ದಿನ ಹೇಳಲಿಲ್ಲ."

"ಸುಳ್ಳು ಹೇಳಿಲ್ರಿ ಅವ್ವಾರ. ಖರೇನೂ ಹೇಳಲಿಲ್ಲ, ಅದೊಂದು ನಂದು ತಪ್ಪು."

"ಮತ್ತ ಇವತ್ಯಾಕ ಹೇಳಿದ್ರಿ? ಸುಮ್ನ ಇರಬೇಕಿತ್ತಲ್ಲ!" ಅವ್ವ ಕೂಗಿದಳು. ಬಂಡೆಗೆ ಬಡಿದು ದನಿ ಹಿಂದಕ್ಕೆ ಬಂತು.

ಸರ್ ಮೆಲ್ಲಗೆ ಹೇಳಿದರು: "ನಮ್ಮವ್ವಗ ಈಗ ಕಣ್ಣು ಕಾಣಸಂಗಿಲ್ರಿ. ಆಕಿ ನನ್ನ ಹತ್ರ ಇರಬೇಕಾಗೈತಿ. ಆಕಿ ಬಾಯಿ ತಗದ್ರ, ನಾಕು ಮಾತಾಡಿದ್ರ ನಿಮಗ ಎಲ್ಲಾ ಗೊತ್ತಾಗತೈತಿ. ಹಡದಾಕಿಗೆ, ಮಂದಿ ಮನ್ಯಾಗ ಬಾಯಿ ಮುಚಗೊಂಡು ಇರವಾ ಅಂತ ಹೇಳಾಕ ನನ್ನ ಕೈಲೆ ಆಗಂಗಿಲ್ಲ."

ಸರ್ ಕುಳಿತು ಬೂಟು ಹಾಕಿಕೊಂಡರು.

ಇಳಿಯುವ ಮೆಟ್ಟಿಲ ಹತ್ತಿರ ಸರ್ ರೂಢಿಯಂತೆ ಕೈ ಚಾಚಿದರು. ಅವ್ವ ಆ ಕೈಯನ್ನು ನೋಡಿದಳು. ಮೆಟ್ಟಿಲುಗಳನ್ನು ನೋಡಿದಳು. ಆಮೇಲೆ ಅಲ್ಲೇ ಕುಳಿತುಬಿಟ್ಟಳು. ಕುಳಿತಲ್ಲಿಂದ ಎರಡೂ ಕೈ ಊರಿ ಕೆಳಗಿನ ಮೆಟ್ಟಿಲಿಗೆ ಜಾರಿದಳು. ಅಲ್ಲಿಂದ ಅದರ ಕೆಳಗಿನದಕ್ಕೆ. ಹಿಡಿಯಲು ಹೋದ ನನ್ನನ್ನು ಮೊಣಕೈಯಿಂದ ದೂಡಿದಳು. ಬನಶಂಕರಿಗೆಂದು ಉಟ್ಟ ಹೊಸ ಇಳಕಲ್ ಸೀರೆ ಧೂಳಿನಲ್ಲಿ ಎಳೆಯುತ್ತಿತ್ತು. ಗುಡ್ಡ ಹತ್ತುತ್ತಿದ್ದ ಯಾರೋ ನಿಂತು, "ಏನಾತ್ರಿ ಅಜ್ಜಿಗೆ?" ಎಂದು ಕೇಳಿದರು. ಸರ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಪ್ಯಾಂಟಿನ ಜೇಬಿಗೆ ಹಾಕಿದರು. ಅವ್ವ ಬುಡ ಮುಟ್ಟುವವರೆಗೂ ಅವರು ಮೇಲೆಯೇ ನಿಂತಿದ್ದರು.

ವಾಪಸು ಬರುವಾಗ ಸರ್ ಮುಂದಿನ ಸೀಟಿಗೆ ಹೋದರು, ಅಪ್ಪ ಹಿಂದೆ ಬಂದರು. ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅವ್ವ ಇಳಿಯಲಿಲ್ಲ. ಅಪ್ಪ ಸರ್‌ಗೆ ತಾವೇ ಚಹಾ ತಂದುಕೊಟ್ಟರು.

"ಮೊದಲ ಹೇಳಬಾರದಿತ್ತೇನ್ರಿ ಸರ?"

"ಹೇಳಿದ್ರ ಮನಿ ಕೊಡತಿದ್ರೇನ್ರಿ, ಸಾವ್ಕಾರ್ರ?"

ಅಪ್ಪ ರಸ್ತೆಯ ಕಡೆ ಮುಖ ತಿರುಗಿಸಿದರು. "ಇಲ್ಲ" ಎಂದರು.

ಸರ್ ತಲೆಯಾಡಿಸಿದರು. ಆ ಉತ್ತರಕ್ಕೆ ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. "ಧಾರವಾಡದಾಗ ಒಂದು ಮನಿ ನೋಡೇನ್ರಿ. ಈ ವಾರದಾಗ ಹೋಗ್ತೇನಿ" ಎಂದರು.

ಮರುದಿನ ಅವ್ವ ದೇವರ ಮನೆ ತೊಳೆದಳು. ಅಡುಗೆಮನೆ ತೊಳೆದಳು. ತಾಟು, ಬಟ್ಟಲು, ತಂಬಿಗೆಗಳನ್ನೆಲ್ಲ ಹಿತ್ತಲಲ್ಲಿ ಗುಡ್ಡೆ ಹಾಕಿ ತಿಕ್ಕತೊಡಗಿದಳು. ಅಪ್ಪ ಅಂಗಡಿಗೆ ಹೋಗುವವರು ಹಿತ್ತಲ ಬಾಗಿಲಲ್ಲಿ ನಿಂತರು.

"ಜಡ್ಡು ಬಿದ್ದಾಗ ಅವರ ಕೈಯಾನ ಗಂಜಿ ಕುಡದು ಎದ್ದೀವಿ. ಅದನ್ನ ಹೆಂಗ ತೊಳೀತಿ?"

ಅವ್ವ ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟಳು. ಆಮೇಲೆ ಅವಳು ತಿಕ್ಕಲಿಲ್ಲ. ಆದರೆ ಅಷ್ಟು ಹೇಳಿದ ಅಪ್ಪನೂ ಮಾಳಿಗೆ ಹತ್ತಿ "ಹೋಗಬ್ಯಾಡ್ರಿ" ಎಂದು ಹೇಳಲಿಲ್ಲ. ಧಾರವಾಡದ ಮನೆಯನ್ನು ಸರ್ ಮೊದಲೇ ನೋಡಿಟ್ಟಿದ್ದರು ಎಂದು ಅಪ್ಪನಿಂದ ತಿಳಿದಾಗ ಅವ್ವನಿಗೆ ಸಿಟ್ಟೇ ಬಂತು. "ಅಂದ್ರ ನಾ ಹಿಂಗ ಮಾಡತೇನಿ ಅಂತ ಅವರಿಗೆ ಮೊದಲ ಗೊತ್ತಿತ್ತು? ನನ್ನ ಅಷ್ಟ ತಿಳಕೊಂಡಿದ್ರು?" ಎಂದಳು. ಯಾರ ಮೇಲೆ ಸಿಟ್ಟು ಎಂದು ಅವಳಿಗೇ ಗೊತ್ತಿರಲಿಲ್ಲ.

ನಾನು ಮೇಲೆ ಹೋದೆ. ಸರ್ ಪುಸ್ತಕಗಳನ್ನು ಚೀಲಕ್ಕೆ ತುಂಬುತ್ತಿದ್ದರು.

"ಮನಿ ನೋಡಿಟ್ಟಿದ್ರಿ ಅಂದ ಮ್ಯಾಲೆ ಯಾಕ ಹೇಳಬೇಕಿತ್ರಿ ಸರ? ಸುಮ್ನ ಬಿಟ್ಟು ಹೋಗಬಹುದಿತ್ತಲ್ರಿ."

ಅವರು ಪುಸ್ತಕದ ಧೂಳು ಜಾಡಿಸಿದರು. "ನೋಡಿದ್ದೆ ತಂಗಿ. ಬರ್ತೇನಿ ಅಂತ ಆ ಮನಿಯವರಿಗೆ ಮಾತು ಕೊಟ್ಟಿದ್ದಿಲ್ಲ. ಭಾನುವಾರ ಆಗಲಿ, ಅವ್ವಾರಿಗೆ ಹೇಳಿ ನೋಡೂಣು ಅಂತ ಇದ್ದೆ."

ಮೆಟ್ಟಿಲು ಇಳಿದು ಬಂದು ಆ ಮಾತನ್ನು ಅವ್ವನಿಗೆ ಇದ್ದ ಹಾಗೆ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಬಾಯನ್ನೇ ನೋಡಿದಳು, ಇನ್ನೊಮ್ಮೆ ಹೇಳು ಎಂಬಂತೆ. ಆಮೇಲೆ ಒಳಗಿನ ಕೋಣೆಗೆ ಹೋದಳು. ಸರ್ ಸಾಮಾನು ಹೇರಿಕೊಂಡು ಹೋಗುವ ದಿನವೂ ಆ ಕೋಣೆಯಿಂದ ಹೊರಗೆ ಬರಲಿಲ್ಲ. ಸರ್ ಬಾಗಿಲಲ್ಲಿ ನಿಂತು ಒಳಗಿನ ಕತ್ತಲೆಗೆ ಹೇಳಿದರು: "ಅವ್ವಾರ, ಕಾಲಿಗೆ ಎಣ್ಣಿ ತಿಕ್ಕೂದು ಬಿಡಬ್ಯಾಡ್ರಿ."

ಅದಾದ ಮೇಲೆ ಧಾರವಾಡಕ್ಕೆ ಹೋದಾಗ ಕೆಲವು ಸಲ ಅವರನ್ನು ಕಂಡೆ. ನನಗೆ ಕೆಲಸ ಸಿಕ್ಕಿದ ಸುದ್ದಿ ಹೇಳಿದಾಗ ರಸ್ತೆಯಲ್ಲೇ ಚಪ್ಪಾಳೆ ತಟ್ಟಿದರು. ಐಹೊಳೆಯ ಮಾತನ್ನು ಅವರು ಎತ್ತಲಿಲ್ಲ. ಮನೆಗೆ ಬಂದರೆ ಅವ್ವ ಬೇರೆ ಕೆಲಸ ಮಾಡುತ್ತ, ನನ್ನ ಕಡೆ ನೋಡದೆ ಕೇಳುತ್ತಿದ್ದಳು: "ಅವರ ಅವ್ವ ಹೆಂಗದಾಳಂತ?" ಹೋಗಿ ನೋಡಿ ಬರೋಣ ಎಂದರೆ ಮಾತು ಬದಲಿಸುತ್ತಿದ್ದಳು.

ತೀರಿಕೊಂಡ ಸುದ್ದಿ ಬಂದ ದಿನ ಅವಳು ಕೈತೊಳೆದು, ಸೀರೆಯನ್ನೂ ಬದಲಿಸದೆ ಬಾಗಿಲಿಗೆ ಬಂದು ನಿಂತಳು. "ನಡಿ" ಎಂದಳು.

ಧಾರವಾಡದ ಆ ಸಣ್ಣ ಮನೆಯ ಮುಂದೆ ರಸ್ತೆ ತುಂಬ ಅವರ ವಿದ್ಯಾರ್ಥಿಗಳು. ಒಳಗೆ ಸರ್ ಮಲಗಿದ್ದರು. ತಲೆಯ ಹತ್ತಿರ ಅವರ ತಾಯಿ, ಹಿಡಿಯಷ್ಟಾದ ಮುದುಕಿ, ಮಗನ ಕೂದಲನ್ನು ಬೆರಳಿನಿಂದ ಬಾಚುತ್ತ ಕುಳಿತಿದ್ದಳು. ಅವ್ವ ಎದುರಿಗೆ ಹೋಗಿ ಕುಳಿತಳು. ಸಪ್ಪಳಕ್ಕೆ ಮುದುಕಿ ಮುಖ ಎತ್ತಿದಳು.

"ಯಾರದು?"

"ನಾ ರೀ. ಹುಬ್ಬಳ್ಳಿಯಾಕಿ. ನಿಮ್ಮ ಮಗ ನಮ್ಮ ಮನ್ಯಾಗಿದ್ರು."

ಬಾಚುತ್ತಿದ್ದ ಬೆರಳು ನಿಂತಿತು.

"ಹುಬ್ಬಳ್ಳಿಗೆ ನಾ ಭಾಳ ಸಲ ಬಂದೇನವಾ. ಇವಗ ರೊಟ್ಟಿ ಕಟಗೊಂಡು ಬರತಿದ್ದೆ. ಬಸ್ ಸ್ಟ್ಯಾಂಡಿನ್ಯಾಗ ಕುಂತು ಇಬ್ಬರೂ ಉಣತಿದ್ವಿ. ಆಮ್ಯಾಲೆ ನನ್ನ ಬಸ್ ಹತ್ತಿಸಿ ಕಳಸತಿದ್ದ. ನೀ ಇರೂ ಮನಿ ಒಮ್ಮೆ ತೋರಿಸೋ ಅಂದ್ರ, ಭಾಳ ದೂರ ಐತೆವಾ, ನಿನಗ ನಡಿಯೂದಾಗಂಗಿಲ್ಲ ಅಂತಿದ್ದ." ಆಮೇಲೆ ಕೇಳಿದಳು, "ಅಷ್ಟು ದೂರ ಐತೇನು ನಿಮ್ಮ ಮನಿ?"

ಬಸ್ ಸ್ಟ್ಯಾಂಡಿನಿಂದ ನಮ್ಮ ಮನೆ ಎಷ್ಟು ಹತ್ತಿರ ಎಂದು ಹುಬ್ಬಳ್ಳಿಯ ಯಾವ ಆಟೋದವನೂ ಹೇಳುತ್ತಾನೆ. ನಾನು ಅವ್ವನ ಮುಖ ನೋಡಲಾರದೆ ನೆಲ ನೋಡಿದೆ. ಮುದುಕಿ ಉತ್ತರಕ್ಕಾಗಿ ಕಾದಳು. ಬರದಿದ್ದಾಗ ಮತ್ತೆ ಮಗನ ಕೂದಲು ಬಾಚತೊಡಗಿದಳು.

ಸಂಜೆ ಎಲ್ಲ ಮುಗಿದ ಮೇಲೆ ನಾವು ಹೊರಟೆವು. ಸಾವಿನ ಮನೆಯಿಂದ ಹೊರಡುವವರು ಬರುತ್ತೇನೆ ಎಂದು ಹೇಳಬಾರದು. ಸುಮ್ಮನೆ ಎದ್ದು ಬರಬೇಕು. ಇಂಥ ರೀತಿ ರಿವಾಜುಗಳಲ್ಲಿ ಅವ್ವ ಎಂದೂ ತಪ್ಪಿದವಳಲ್ಲ. ಹೊಸ್ತಿಲವರೆಗೆ ಬಂದವಳು ನಿಂತಳು. ತಿರುಗಿ ಒಳಗೆ ಹೋಗಿ, ಗೋಡೆಗೆ ಒರಗಿದ್ದ ಮುದುಕಿಯ ಪಕ್ಕ ಬಗ್ಗಿದಳು.

"ಬರ್ತೇನ್ರಿ ಯಕ್ಕಾ" ಎಂದಳು. "ಮತ್ತ ಬರ್ತೇನಿ."

ಅಲ್ಲಿದ್ದ ಹೆಂಗಸರೆಲ್ಲ ಬೆಚ್ಚಿ ತಲೆ ಎತ್ತಿದರು. ಮುದುಕಿ ಮಾತ್ರ ಕಾಣದ ಕಣ್ಣನ್ನು ಅವ್ವನ ದನಿ ಬಂದ ಕಡೆಗೇ ಇಟ್ಟುಕೊಂಡಿದ್ದಳು. ಹೂಂ ಅನ್ನಲಿಲ್ಲ. ಬ್ಯಾಡ ಅಂತಲೂ ಅನ್ನಲಿಲ್ಲ.